ಪಿಟ್ಸ್‌ಬರ್ಗ್ ಲೇಖನಕ್ಕೆ ಒಂದಿಷ್ಟು ಸೇರಿಸುವುದಿದೆ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಟ್ರೀ ಆಫ್ ಲೈಫ್ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮೇಲಿನ ಗುಂಡಿನ ದಾಳಿಯ ನಂತರ ಮುಸ್ಲಿಮರು ಸಂತ್ರಸ್ತ ಯಹೂದಿ ಕುಟುಂಬಗಳಿಗೆ ಹಣ ಕೂಡಿಸಿಕೊಟ್ಟದ್ದನ್ನು ಲೇಖಕರು ಚೆನ್ನಾಗಿ ಬರೆದಿದ್ದಾರೆ. ಆದರೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. 2018ರ ಅಕ್ಟೋಬರ್ 27ರಂದು 11 ಮಂದಿ ಹತರಾದರು, ಹೆಚ್ಚಿನವರು ಇಳಿವಯಸ್ಸಿನವರು. ಐದು ತಿಂಗಳು ತುಂಬುವ ಮೊದಲೇ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ಗುಂಡಿನ ದಾಳಿಯಾಯಿತು. ಆಗ ತಮ್ಮದೇ ನೋವು ಆರದಿದ್ದರೂ ಟ್ರೀ ಆಫ್ ಲೈಫ್‌ನವರು ಅಲ್ಲಿನವರಿಗಾಗಿ ದೇಣಿಗೆ ಎತ್ತಿದರು. ಇದನ್ನು ಬಿಡಬಾರದಿತ್ತು.

ಇನ್ನೊಂದು ಸಂಗತಿಯಂತೂ ನನ್ನಿಂದಾಗುತ್ತಿತ್ತೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ. ಗಾಯಗೊಂಡಿದ್ದ ಪಿಟ್ಸ್‌ಬರ್ಗ್‌ನ ಹಂತಕನಿಗೆ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದವರಲ್ಲಿ ಯಹೂದಿಗಳೂ ಇದ್ದರು!

ದಾಳಿಯ ನಂತರ ‘ಎಲ್ಲರೂ ಒಂದೇ ದನಿಯಲ್ಲಿದ್ದರು’ ಎಂಬ ಲೇಖನದ ಮಾತಿಗೆ ಮಾತ್ರ ನನ್ನ ತಕರಾರಿದೆ. ಆ ಸಿನಗಾಗ್ ಕಟ್ಟಡದಲ್ಲಿ ಪ್ರಾರ್ಥನೆ ನಡೆಸುತ್ತಿದ್ದದ್ದು ಒಂದಲ್ಲ, ಮೂರು ಸಭೆಗಳು (ಭಕ್ತ ಸಮುದಾಯಗಳು): ಟ್ರೀ ಆಫ್ ಲೈಫ್, ನ್ಯೂ ಲೈಟ್, ಡೋರ್ ಹದಾಶ್. ಹಂತಕನಿಗೆ ಮರಣದಂಡನೆ ಬೇಡವೆಂದು ಡೋರ್ ಹದಾಶ್ ಸರ್ಕಾರಕ್ಕೆ ಪತ್ರ ಬರೆದರೆ, ಹತರಾದವರ ಹೆಚ್ಚಿನ ಕುಟುಂಬಗಳು ಬೇಕೇ ಬೇಕೆಂದವು. 2023ರಲ್ಲಿ ನ್ಯಾಯಾಲಯ ಮರಣದಂಡನೆಯನ್ನೇ ವಿಧಿಸಿತು. ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಇಟ್ಟುಕೊಂಡೇ ವರ್ಷವರ್ಷವೂ ಒಟ್ಟಿಗೆ ಸ್ಮರಣೆ ಮಾಡಿಕೊಂಡು ಬಂದಿದ್ದಾರಲ್ಲ, ಲೇಖಕರು ಅದರ ಬಗ್ಗೆಯೂ ಬರೆಯಲಿ.