ಮುತ್ಯಾನ ಕಿವಿಯಲ್ಲಿ ಕಳಾವರ್ ಏಳು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಮಾಡುವ ಕೆಲಸ ಅಂತ ಇರುವುದು ಒಂದೇ, ಕೂಲರ್‌ಗೆ ನೀರು ಹಾಕುವುದು. ಅದನ್ನು ಮುಗಿಸಿ, ಕಿಟಕಿಗೆ ಚಾದರ ಕಟ್ಟಿ, ನೆಲದ ಮೇಲೆ ಬಿದ್ದುಕೊಂಡಿದ್ದೆ. ಬೆಂಗಳೂರಿನಿಂದ ರಜೆಗೆ ಬಂದ ಅಕ್ಕನ ಮಗ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಅರ್ಧ ಗಂಟೆಯಿಂದ ಮಾತಿಲ್ಲ. ಓದುತ್ತಿದ್ದಾನೇನೋ ಅಂತ ಆಸೆಯಿಂದ ಇಣುಕಿದೆ. ಕಪ್ಪು ಪರದೆ, ಬಿಳಿ ಅಕ್ಷರ.

"ಏನೋ ಇದು?"

"ಎಲಿ ಆಟ, ಮಾಮಾ."

"ಎಲಿ ಎಲ್ಲಿ ಅವ?"

"ಇವೇ ನೋಡ್ರಿ. ಓದ್ರಿ."

ಓದಿದೆ. ರಾಜನಿಲ್ಲ, ರಾಣಿಯಿಲ್ಲ, ಗುಲಾಮನೂ ಇಲ್ಲ. ಒಂದೊಂದು ಸಾಲೇ ಒಂದೊಂದು ಎಲೆ. ಇಂಗ್ಲಿಷಿನಲ್ಲಿತ್ತು, ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ: ಕಾವಲುಗಾರ, ಖರ್ಚು ಎರಡು, ಬಲ ಮೂರು. ವ್ಯಾಪಾರಿ, ಖರ್ಚು ಮೂರು, ಕೊಡುವುದು ಎರಡು ನಾಣ್ಯ. ಬೇಕಾದ ಸಾಲಿನ ನಂಬರ್ ಒತ್ತಿದರೆ ಎಲೆ ಬಿತ್ತು ಅಂತ ಅರ್ಥ. ಕಿರಾಣಿ ಚೀಟಿ ಇದ್ದಂಗ ಅದಲ್ಲೋ ಅಂದೆ. ಅವನಿಗೆ ಸಿಟ್ಟು ಬಂತು. ಕಂಪ್ಯೂಟರ್ ಆಟಗಳ ಶುರುವಿನ ದಶಕಗಳಿಂದಲೂ ಇಂಥ ಬರೇ ಅಕ್ಷರದ ಆಟಗಳು ಇವೆಯಂತೆ. 1970ರ ದಶಕದಲ್ಲೇ ಅಮೆರಿಕದ ವಿಲ್ ಕ್ರೌದರ್ ಎಂಬಾತ, ಗುಹೆ ಹೊಕ್ಕು ಅಲೆಯುವ ಹುಚ್ಚಿದ್ದವ, ತನ್ನ ಹೆಣ್ಣುಮಕ್ಕಳಿಗಾಗಿ ಬರೇ ಮಾತಿನಲ್ಲೇ ಒಂದು ಗುಹೆಯ ಆಟ ಬರೆದನಂತೆ.

ಇರಬಹುದು. ನನಗೆ ಮಾತ್ರ ಮುತ್ಯಾ ನೆನಪಾದ.

ಕಣ್ಣಿಗೆ ಪೊರೆ ಬಂದ ಮೇಲೂ ಮುತ್ಯಾ ರಮ್ಮಿ ಬಿಡಲಿಲ್ಲ. ಹತ್ತು ವರ್ಷದ ನಾನು ಅವನ ಬೆನ್ನಿಗೆ ಆತು ಕೂತು, ಕೈಯಲ್ಲಿದ್ದ 13 ಎಲೆಗಳನ್ನು ಎಡದಿಂದ ಒಂದೊಂದಾಗಿ ಕಿವಿಯಲ್ಲಿ ಹೇಳಬೇಕು. ಮೆಲ್ಲಗೆ, ಎದುರಿನವರಿಗೆ ಕೇಳದಂತೆ. ಅವನ ಕಿವಿಯ ಬಿಳಿ ಕೂದಲು ತುಟಿಗೆ ತಾಗಿ ನಗು ಬರುತ್ತಿತ್ತು. ತಂಬಾಕಿನ ವಾಸನೆ ಬೇರೆ. ಒಂದೇ ಸಲ ಕೇಳಿದರೆ ಸಾಕು, ಹದಿಮೂರೂ ಅವನ ತಲೆಯಲ್ಲಿ ಕೂತುಬಿಡುತ್ತಿದ್ದವು. ಆಮೇಲೆ ಎಲೆಗಳ ಅಂಚಿನ ಮೇಲೆ ಹೆಬ್ಬೆರಳು ಸವರುತ್ತ ಹೋಗಿ, ನಾಲ್ಕನೆಯದನ್ನು ಎಳೆದು ಎಸೆಯುತ್ತಿದ್ದ. ತಪ್ಪುತ್ತಿರಲಿಲ್ಲ.

ತಪ್ಪಿದ್ದು ನಾನು. ಕಳಾವರ್ ಏಳನ್ನು ಇಸ್ಪೀಟ್ ಏಳು ಅಂತ ಹೇಳಿಬಿಟ್ಟೆ. ಎರಡೂ ಕಪ್ಪು, ಲಾಟೀನಿನ ಬೆಳಕು ಬೇರೆ. ಮುತ್ಯಾ ಗತ್ತಿನಿಂದ ಎಲೆ ಕೆಳಗಿಟ್ಟು ಶೋ ಅಂದ. ಎಲ್ಲರೂ ಬಗ್ಗಿ ನೋಡಿದರು, ನಕ್ಕರು. 80 ಪಾಯಿಂಟ್ ದಂಡ. ಮುತ್ಯಾ ನನ್ನ ಕಡೆ ತಿರುಗಿ, "ಸಾಲಿಗಿ ಹೋಗ್ತಿಯೋ, ಬರೇ ಪಾಟಿ ಹೊತ್ಕೊಂಡು ತಿರಗ್ತಿಯೋ?" ಅಂದ.

ಇರಲಿ. ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡೆ. ಮೂರು ಆಟ ಸಾಲಾಗಿ ಸೋತೆ. ದೊಡ್ಡ ದೊಡ್ಡ ಎಲೆ ಕಂಡಲ್ಲೆಲ್ಲ ಕೊಂಡಿದ್ದೆ. ಕೈ ತುಂಬ ಸೇನಾಪತಿಗಳು, ಅವರನ್ನು ಆಡಿಸಲು ನಾಣ್ಯವಿಲ್ಲ!

"ಎಲಿ ಕಮ್ಮಿ ಮಾಡ್ರಿ, ಮಾಮಾ."

ಲೆಕ್ಕ ಸುಲಭವಿದೆ. ಒಂದೊಂದು ಸುತ್ತಿನಲ್ಲಿ ಐದು ಎಲೆ ಕೈಗೆ ಬರುತ್ತವೆ. ಕಟ್ಟಿನಲ್ಲಿ ಹತ್ತೇ ಇದ್ದರೆ ಒಳ್ಳೆಯ ಎಲೆ ಎರಡು ಸುತ್ತಿಗೊಮ್ಮೆ ತಿರುಗಿ ಬರುತ್ತದೆ. ಮೂವತ್ತು ಪೇರಿಸಿಕೊಂಡರೆ ಆರು ಸುತ್ತಿಗೊಮ್ಮೆ. ಆಡುತ್ತಾಡುತ್ತಲೇ ಕಟ್ಟು ಕಟ್ಟಿಕೊಳ್ಳುವ ಈ ಕ್ರಮ 2008ರಲ್ಲಿ ಡೊಮಿನಿಯನ್ ಎಂಬ ಆಟ ಬಂದ ಮೇಲೆ ಜಾಸ್ತಿ ಹಬ್ಬಿತಂತೆ. ಕಟ್ಟು ಸಣ್ಣದಿದ್ದಷ್ಟೂ ಒಳ್ಳೆಯದು, ಹಾಗಾಗಿ ಕೆಲಸಕ್ಕೆ ಬಾರದ ಎಲೆಯನ್ನು ನಾಣ್ಯ ಕೊಟ್ಟಾದರೂ ಎಸೆಯಬೇಕು. ದುಡ್ಡು ಕೊಟ್ಟು ಎಸೆಯುವುದೇ? ಕೆಟ್ಟ ಮಿಕ್ಸಿಯನ್ನು ಹದಿನೈದು ವರ್ಷ ಅಟ್ಟದ ಮೇಲೆ ಇಟ್ಟುಕೊಂಡ ಮನುಷ್ಯ ನಾನು. ಅಡುಗೆಮನೆಯಿಂದ ಹೆಂಡತಿ, "ಆ ಹುಡುಗ ಹೇಳೂದು ಜರಾ ಕೇಳ್ರಿ" ಅಂದಳು. ಅವಳು ಆಟದ ಬಗ್ಗೆ ಹೇಳಲಿಲ್ಲ ಅನ್ನುವುದು ಗೊತ್ತಾಯಿತು.

ನಾಲ್ಕನೇ ಆಟದ ನಡುವೆ ಕರೆಂಟ್ ಹೋಯಿತು. ಕೂಲರ್ ನಿಂತಿತು. ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇತ್ತು, ಆದರೆ ಸಣ್ಣ ಅಕ್ಷರ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿದ್ದವು. ಮತ್ತೆ ಒರಗಿ ಕಣ್ಣು ಮುಚ್ಚಿದೆ. "ನೀ ಓದು, ನಾ ಹೇಳ್ತೀನಿ."

ಅವನು ಶುರು ಮಾಡಿದ. ವ್ಯಾಪಾರಿ. ಕಾವಲುಗಾರ. ವ್ಯಾಪಾರಿ. ಗೂಢಚಾರ. ಕಾವಲುಗಾರ.

"ನಾಕನೇದು ಹಾಕು" ಅಂದೆ. ಕೀಲಿ ಒತ್ತಿದ ಸದ್ದು ಕೇಳಿಸಿತು. ಆಮೇಲೆ ಯಾಕೋ ಅನುಮಾನ ಬಂತು.

"ಖರೇ ಓದ್ಲತ್ತಿ ಇಲ್ಲೋ?"