ಟ್ಯಾಬ್ಲೆಟ್ ದುಡ್ಡು, ಟೀಚರ್ ಸಂಬಳ: ಎರಡೂ ಒಂದೇ ಖಾತೆಯದ್ದಾ?

ಅಮೆರಿಕದ ಸರ್ಕಾರಿ ಶಾಲೆಗಳ ಬಗ್ಗೆ ಒಂದು ಫಾರ್ವರ್ಡ್ ಆಗಾಗ ಬರುತ್ತದೆ. ಸ್ಕೂಲ್ ಡಿಸ್ಟ್ರಿಕ್ಟ್‌ನವರು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಟ್ಯಾಬ್ಲೆಟ್ ಕಂಪ್ಯೂಟರ್ ಕೊಳ್ಳದಿದ್ದರೆ ಆ ದುಡ್ಡಲ್ಲಿ ಶಿಕ್ಷಕರ ಕೆಲಸ ಉಳಿಯುತ್ತಿತ್ತು ಎನ್ನುವುದು ಅದರ ಸಾರ. ಶಿಕ್ಷಕರ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಹಂಚುತ್ತಾರೆ. ಆದರೆ ಎಷ್ಟೋ ಸಲ ಈ ಲೆಕ್ಕ ತಪ್ಪು.

ಶಾಲೆಯ ದುಡ್ಡೆಲ್ಲ ಒಂದೇ ಖಾತೆಯಲ್ಲಿ ಇರುವುದಿಲ್ಲ. ಸಂಬಳ ಬಹುಪಾಲು ದಿನನಿತ್ಯದ ಖರ್ಚಿನ ಸಾಮಾನ್ಯ ನಿಧಿಯಿಂದ ಬರುತ್ತದೆ. ಕಟ್ಟಡ, ಉಪಕರಣಗಳಿಗೆ ಮತದಾರರು ಒಪ್ಪಿದ ಬಾಂಡ್ ಹಣ, ಅಂದರೆ ಸಾಲಪತ್ರ ಮಾರಿ ಎತ್ತಿದ ಹಣ, ಬೇರೆ. ಕ್ಯಾಲಿಫೋರ್ನಿಯಾವನ್ನೇ ನೋಡಿ: 2000ರಲ್ಲಿ ಪಾಸಾದ ಪ್ರೊಪೊಸಿಷನ್ 39 (ಮತದಾರರೇ ಮತ ಹಾಕಿ ಒಪ್ಪಿದ ಕಾನೂನು) ಪ್ರಕಾರ, ಶೇ 55ರಷ್ಟು ಮತದಿಂದ ಗೆದ್ದ ಬಾಂಡ್‌ನ ಹಣವನ್ನು ಶಿಕ್ಷಕರ ಸಂಬಳಕ್ಕೆ ಬಳಸುವಂತಿಲ್ಲ. ಪ್ರತಿ ವರ್ಷ ಆಡಿಟ್ ಆಗಬೇಕು, ನಾಗರಿಕರ ಸಮಿತಿಯೂ ಕಣ್ಣಿಡಬೇಕು. ಅಮೆರಿಕದ ಕೇಂದ್ರ ಸರ್ಕಾರದ ಇ-ರೇಟ್ ಯೋಜನೆಯದ್ದು ಇನ್ನೊಂದು ದಾರಿ. ಅದು ಇಂಟರ್ನೆಟ್ ಸಂಪರ್ಕಕ್ಕೆ ಶೇ 20ರಿಂದ 90ರವರೆಗೆ ರಿಯಾಯಿತಿ ಕೊಡುತ್ತದೆ. ಮಕ್ಕಳ ಲ್ಯಾಪ್‌ಟಾಪ್‌ಗೂ ಅದು ಸಿಗದು, ಸಂಬಳಕ್ಕಂತೂ ಇಲ್ಲವೇ ಇಲ್ಲ.

ಹಾಗಂತ ದೂರೆಲ್ಲ ಸುಳ್ಳಲ್ಲ. ಕೆಲವು ಡಿಸ್ಟ್ರಿಕ್ಟ್‌ಗಳು ಸಾಮಾನ್ಯ ನಿಧಿಯಿಂದಲೇ ಸಾಧನ ಕೊಳ್ಳುತ್ತವೆ. ಅಲ್ಲಿ ಪ್ರಶ್ನೆ ಕೇಳಲೇಬೇಕು, ಅಲ್ವಾ?

ಪರೀಕ್ಷಿಸುವುದು ಕಷ್ಟವಲ್ಲ. ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯ, ಅಂದರೆ ಬೋರ್ಡ್‌ನ, ಸಭೆಯ ಅಜೆಂಡಾದಲ್ಲಿ ಆ ಖರೀದಿಯನ್ನು ಹುಡುಕಿ. ಪಕ್ಕದಲ್ಲಿ ಸಾಮಾನ್ಯವಾಗಿ ಯಾವ ನಿಧಿ ಅಂತ ಬರೆದಿರುತ್ತದೆ. ಬಾಂಡ್ ಆಗಿದ್ದರೆ ಮತಪತ್ರದ ಒಕ್ಕಣೆ ಓದಿ, ಹಣ ಯಾವುದಕ್ಕೆ ಅಂತ ಅದರಲ್ಲೇ ಇರುತ್ತದೆ. ಗೊಂದಲ ಉಳಿದರೆ ಬೋರ್ಡ್ ಸಭೆಗೇ ಹೋಗಿ ಕೇಳಿ. ಸಾರ್ವಜನಿಕರು ಮಾತಾಡಲು ಅಲ್ಲಿ ಸಮಯ ಇಟ್ಟಿರುತ್ತಾರೆ.