ಕುರ್ಚಿ ಹಾಕಿಸಲಾ, ಸರ್?

ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಎಡಗಾಲಿನ ಚಪ್ಪಲಿಯನ್ನು ಬಿಟ್ಟು ಬಲಗಾಲಿನದನ್ನು ಬಿಡುವುದರಲ್ಲಿದ್ದೆ, ಅಷ್ಟರಲ್ಲಿ ಯೋಗ ಶಿಕ್ಷಕಿ ಬಾಗಿಲಿಗೇ ಬಂದು, "ನಿಮಗೊಂದು ಕುರ್ಚಿ ಹಾಕಿಸಲಾ, ಸರ್?" ಎಂದು ಕೇಳಿದರು. ಒಳಗಿದ್ದವರಿಗೆ ಕೇಳಿಸಬಾರದೆಂದು ಆಕೆ ದನಿ ತಗ್ಗಿಸಿದ್ದರೆಂಬುದು ಸ್ಪಷ್ಟವಾಗಿತ್ತು. ಒಳಗಿದ್ದ ಹದಿನೇಳು ಮಂದಿಗೂ ಕೇಳಿಸಿತೆಂಬುದು ಅದಕ್ಕಿಂತ ಸ್ಪಷ್ಟವಾಗಿತ್ತು. ನನ್ನ ಮಂಡಿಗಳ ಸಂಗತಿ ನನಗೆ, ನನ್ನ ಹೆಂಡತಿಗೆ ಮತ್ತು ಮೂಳೆ ವೈದ್ಯರಿಗೆ ಮಾತ್ರ ಗೊತ್ತಿದೆಯೆಂದು ನಾನು ನಂಬಿಕೊಂಡಿದ್ದೆ. "ಬೇಡಮ್ಮ, ಕೆಳಗೇ ಕೂತು ಅಭ್ಯಾಸ" ಎಂದೆ. ನಾನು ಕೊನೆಯ ಸಲ ನೆಲದ ಮೇಲೆ ಕೂತದ್ದು ಯಾವಾಗ ಎಂದು ಆಕೆ ಕೇಳಲಿಲ್ಲ, ಕೇಳಿದ್ದರೆ ಹೇಳುವುದಕ್ಕೆ ನನಗೂ ನೆನಪಿರಲಿಲ್ಲ.

ನಮ್ಮ ಮೈಸೂರಿನ ಆ ಸಮುದಾಯ ಭವನದ ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ, ಯಾವುದೇ ವಯಸ್ಸು, ಯಾವುದೇ ಮೈಕಟ್ಟು, ಯಾವುದೇ ತೊಂದರೆಯಿರಲಿ, ಎಲ್ಲರಿಗೂ ಸ್ವಾಗತ ಎಂದು ಬರೆದಿದೆ. ಸ್ವಾಗತವಿರುವುದು ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲು 42. ಗಾಲಿಕುರ್ಚಿಯಲ್ಲಿ ಬಂದವರು ಬ್ಯಾನರನ್ನು ಓದಿಕೊಂಡು ಹಿಂದಿರುಗಬಹುದು. ಅದರ ಕೆಳಗೆ 15ನೇ ಶತಮಾನದ ಹಠಯೋಗ ಪ್ರದೀಪಿಕೆಯ ಅರ್ಧ ಶ್ಲೋಕವನ್ನೂ ಅಚ್ಚು ಹಾಕಿಸಿದ್ದಾರೆ: 'ಯುವಾ ವೃದ್ಧೋಽತಿವೃದ್ಧೋ ವಾ ವ್ಯಾಧಿತೋ ದುರ್ಬಲೋಽಪಿ ವಾ.' ಯುವಕನಾಗಲಿ, ಮುದುಕನಾಗಲಿ, ಹಣ್ಣು ಮುದುಕನಾಗಲಿ, ರೋಗಿಯಾಗಲಿ, ನಿಶ್ಶಕ್ತನಾಗಲಿ, ಎಂಬಲ್ಲಿಗೆ ಬ್ಯಾನರಿನ ಬಟ್ಟೆ ಮುಗಿದಿದೆ. ಉಳಿದರ್ಧದಲ್ಲಿ ಗ್ರಂಥಕರ್ತ ಸ್ವಾತ್ಮಾರಾಮರು, ಇವರೆಲ್ಲರಿಗೂ ಅಭ್ಯಾಸದಿಂದ ಸಿದ್ಧಿಯುಂಟು ಎಂದು ಭರವಸೆ ಕೊಟ್ಟು, ಕಟ್ಟಕಡೆಗೆ 'ಅತಂದ್ರಿತಃ' ಎಂಬ ಒಂದು ಪದವನ್ನು ಇಟ್ಟಿದ್ದಾರೆ, ಸೋಮಾರಿಯಾಗಿರಬಾರದು ಎಂದರ್ಥ. ಹಣ್ಣು ಮುದುಕರನ್ನೂ ಹಾಸಿಗೆ ಹಿಡಿದವರನ್ನೂ ಒಳಗೆ ಬಿಟ್ಟುಕೊಂಡ ಆ ಮಹಾನುಭಾವರು ಬಾಗಿಲಲ್ಲಿ ತಡೆದು ನಿಲ್ಲಿಸಿದ್ದು ನನ್ನೊಬ್ಬನನ್ನೇ.

ತರಗತಿಯಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬರಿದ್ದಾರೆ, ಆರು ತಿಂಗಳ ಗರ್ಭಿಣಿಯಿದ್ದಾರೆ, ಬೈಪಾಸ್ ಆದ ನಿವೃತ್ತ ಎಂಜಿನಿಯರರಿದ್ದಾರೆ, ಲ್ಯಾಪ್‌ಟಾಪಿನ ಮುಂದೆ ಕೂತು ಕೂತು ಮೂವತ್ತಕ್ಕೇ ಕತ್ತು ತಿರುಗದಂತಾದ ಹುಡುಗನೊಬ್ಬನಿದ್ದಾನೆ. ಇವರೆಲ್ಲರಿಗಿಂತ ಚೆನ್ನಾಗಿ ಆಸನ ಹಾಕುವವರು, ಕಣ್ಣು ಕಾಣದ ಒಬ್ಬ ಸಂಗೀತದ ಮೇಷ್ಟ್ರು. ಉಳಿದ ನಾವೆಲ್ಲ ಪಕ್ಕದವರನ್ನು ನೋಡಿ ಮಾಡುತ್ತೇವೆ, ಪಕ್ಕದವರು ನಮ್ಮನ್ನು ನೋಡಿ ಮಾಡುತ್ತಿರುತ್ತಾರೆ. ಹೀಗಾಗಿ ಬಲಗಾಲನ್ನು ಎತ್ತಿರೆಂದರೆ ಒಂದು ಸಾಲಿಗೆ ಸಾಲೇ ಎಡಗಾಲನ್ನು ಎತ್ತಿರುತ್ತದೆ. ಅವರೊಬ್ಬರೇ ಹೇಳಿದ್ದನ್ನು ಕೇಳಿಸಿಕೊಂಡು, ಹೇಳಿದಷ್ಟನ್ನು ಮಾಡುತ್ತಾರೆ.

ಶಿಕ್ಷಕಿಯ ಬಗ್ಗೆ ದೂರುವುದಕ್ಕೆ ಏನೂ ಇಲ್ಲ, ಒಂದು ಮಾತನ್ನು ಬಿಟ್ಟು. "ಎಷ್ಟಾಗುತ್ತೋ ಅಷ್ಟು ಮಾಡಿ, ಸರ್." ಇದನ್ನು ಆಕೆ ಎಲ್ಲರಿಗೂ ಹೇಳುತ್ತಾರೆ, ಆದರೆ ನನಗೆ ಹೆಚ್ಚು ಸಲ ಹೇಳುತ್ತಾರೆ, ಒಂದು ಬೆಳಗ್ಗೆ ಎಣಿಸಿದೆ, ಐದು ಸಲ ಆಯಿತು. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಬಾಗಿ ಕಾಲ್ಬೆರಳನ್ನು ಮುಟ್ಟದ ಹುಡುಗರ ಬೆನ್ನಿಗೆ ಹುಣಸೆ ಬರಲಿನಿಂದ ಬಾರಿಸುತ್ತಿದ್ದರು. ಅದು ಒಳ್ಳೆಯ ಪದ್ಧತಿಯೆಂದು ನಾನು ಹೇಳುತ್ತಿಲ್ಲ. ಆದರೆ ಆ ಬರಲಿನ ತುದಿಯಲ್ಲಿ, ಈ ಹುಡುಗನಿಗೆ ಸಾಧ್ಯವಿದೆ, ಕಳ್ಳಬೀಳುತ್ತಿದ್ದಾನೆ ಎಂಬ ನಂಬಿಕೆಯೊಂದಿತ್ತು. ಎಷ್ಟಾಗುತ್ತೋ ಅಷ್ಟು ಎನ್ನುವವರು ನನ್ನ ಲೆಕ್ಕವನ್ನು ಆಗಲೇ ಮುಗಿಸಿಬಿಟ್ಟಿರುತ್ತಾರೆ.

ಇಷ್ಟಕ್ಕೂ ಕುರ್ಚಿ ಬೇಡವೆನ್ನುವ ರೋಗ ನನಗೆ ಬಂದದ್ದು ದೊಡ್ಡಪ್ಪನಿಂದ. ಆಗ ನಮ್ಮ ಕಡೆಯ ಛತ್ರಗಳಲ್ಲಿ ಪಂಕ್ತಿಯೆಲ್ಲ ನೆಲದ ಮೇಲೆ. ಮೂಲೆಯಲ್ಲಿ ಮಾತ್ರ, ಕೆಳಗೆ ಕೂರಲಾಗದವರಿಗೆಂದು, ಎರಡು ಮೇಜು ನಾಲ್ಕು ಕುರ್ಚಿಗಳನ್ನು ಹಾಕಿರುತ್ತಿದ್ದರು. ಆ ಮೂಲೆಗೆ ಹೋದವರನ್ನು ಇನ್ನು ಮದುವೆ ಮುಂಜಿಗಳಿಗೆ ಕರೆಯದಿದ್ದರೂ ನಡೆಯುತ್ತದೆ ಎಂಬಂತೆ ಜನ ನೋಡುತ್ತಿದ್ದರು. 1986ರ ಬೇಸಗೆಯಲ್ಲಿ ನನ್ನ ಚಿಕ್ಕಪ್ಪನ ಮಗನ ಉಪನಯನ. ದೊಡ್ಡಪ್ಪನ ಮಂಡಿ ಆಗಲೇ ಸೀಮೆಬದನೆಯಂತೆ ಊದಿತ್ತು. ಚಿಕ್ಕಪ್ಪ ಬಂದು, "ಅಣ್ಣ, ನಿನಗೆ ಮೇಜಿನ ಮೇಲೇ ಎಲೆ ಹಾಕಿಸಿದೀನಿ" ಎಂದದ್ದೇ ತಪ್ಪಾಯಿತು. ದೊಡ್ಡಪ್ಪ ಅವನನ್ನು ಒಮ್ಮೆ ನೋಡಿ, ಮೊದಲ ಪಂಕ್ತಿಯ ಮೊದಲ ಎಲೆಗೆ ಹೋಗಿ, ಗೋಡೆಯನ್ನು ಹಿಡಿದುಕೊಂಡು ಇಳಿದು, ಚಕ್ಕಳಮಕ್ಕಳ ಹಾಕಿ ಕೂತರು. ಉಪ್ಪಿನಿಂದ ಮಜ್ಜಿಗೆಯವರೆಗೆ ಯಾವುದನ್ನೂ ಬಿಡದೆ ಊಟ ಮಾಡಿದರು. ಉತ್ತರಾಪೋಶನವೂ ಆಯಿತು. ಏಳಬೇಕೆಂದಾಗ ಏಳಲಾಗಲಿಲ್ಲ.

ಪಂಕ್ತಿಯಲ್ಲಿ ಹಿರಿಯರು ಏಳುವ ಮುಂಚೆ ಬೇರೆಯವರು ಏಳುವ ಹಾಗಿಲ್ಲ. ಅರವತ್ತು ಮಂದಿ ಒಣಗುತ್ತಿರುವ ಎಂಜಲು ಕೈಯನ್ನು ಎಲೆಯ ಮೇಲೆ ಹಿಡಿದುಕೊಂಡು ದೊಡ್ಡಪ್ಪನನ್ನೇ ನೋಡುತ್ತಿದ್ದರು. ದೊಡ್ಡಪ್ಪ ಪಕ್ಕದವರೊಡನೆ ಆ ವರ್ಷದ ಮಳೆಯ ವಿಚಾರ ತೆಗೆದರು. ಮಳೆ ಮುಗಿದು ಕಬ್ಬಿನ ಬೆಲೆಗೆ ಬಂದರು. ಕೊನೆಗೆ ಪುರೋಹಿತರೇ ಸೂಕ್ಷ್ಮವನ್ನು ಅರಿತು, ಉಳಿದವರು ಏಳಬಹುದೆಂದು ಅಪ್ಪಣೆ ಕೊಟ್ಟರು. ಎಲೆ ತೆಗೆಯುವವರು ಬಂದರು, ನೆಲ ಒರೆಸುವವರು ದೊಡ್ಡಪ್ಪನ ಸುತ್ತ ಬಳಸಿಕೊಂಡು ಒರೆಸಿದರು, ಎರಡನೆಯ ಪಂಕ್ತಿ ಬಂದು ಕೂತಿತು, ಮತ್ತು ಬಡಿಸುವ ಹುಡುಗನೊಬ್ಬ ಏನೂ ತಿಳಿಯದೆ ಅವರ ಮುಂದೆಯೂ ಇನ್ನೊಂದು ಎಲೆ ಹಾಸಿದ. ಹಾಸಿದ ಎಲೆಯನ್ನು ಬಿಟ್ಟು ಏಳುವುದು ಅನ್ನಕ್ಕೆ ಮಾಡುವ ಅವಮಾನ. ದೊಡ್ಡಪ್ಪ ಎರಡನೆಯ ಸಲ ಪೂರ್ತಿ ಊಟ ಮಾಡಿದರು, ಹೋಳಿಗೆಯನ್ನೂ ಹಾಕಿಸಿಕೊಂಡರು. ಆಸನವು ಸ್ಥಿರವೂ ಸುಖವೂ ಆಗಿರಬೇಕೆಂದು ಪತಂಜಲಿ ಹೇಳಿದ್ದಾನಷ್ಟೆ, ಅಂದು ಸ್ಥಿರತೆಗಂತೂ ಕೊರತೆಯಿರಲಿಲ್ಲ.

ಮೂರನೆಯ ಎಲೆಯಿಂದ ಅವರನ್ನು ಪಾರುಮಾಡಿದವನು ವಟು. ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಅವನು ಹತ್ತಿರ ಬಂದಾಗ, ದೊಡ್ಡಪ್ಪ ಅವನ ಕೈಯಲ್ಲಿದ್ದ ಮುತ್ತುಗದ ದಂಡವನ್ನು, ಪರೀಕ್ಷಿಸುವವರಂತೆ ಎಡಗೈಯಲ್ಲಿ ತೆಗೆದುಕೊಂಡು ನೆಲಕ್ಕೆ ಊರಿ, ಒಂದೇ ಉಸಿರಿಗೆ ಎದ್ದು ನಿಂತರು. ದಂಡಕ್ಕೆ ಬಿರುಕು ಬಿಟ್ಟಿತು. ಬಸ್ಸಿನಲ್ಲಿ ಹಿಂದಿರುಗುವಾಗ, "ಎರಡನೇ ಪಂಕ್ತಿ ಹುಳಿಯೇ ಚೆನ್ನಾಗಿತ್ತು ಕಣೋ" ಎಂದರು.

ಮುತ್ತುಗದ ದಂಡದ ಕೆಲಸವನ್ನು ಯೋಗಶಾಸ್ತ್ರವೇ ಒಪ್ಪಿಕೊಂಡಿದೆಯೆಂದು ನನ್ನ ಹೆಂಡತಿ ವಾದಿಸುತ್ತಾಳೆ. ಅವಳ ಸಾಕ್ಷಿ ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ನವೆದ ಆ ಹುಡುಗ, ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಮನೆಗೆ ಬಂದದ್ದು 1934ರಲ್ಲಿ. ಮುಂದೆ ಪುಣೆಯಲ್ಲಿ ಮೈ ಬಾಗದವರಿಗೆಂದು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳನ್ನೆಲ್ಲ ಆಸನದೊಳಕ್ಕೆ ತಂದವರು ಅವರೇ. ಎಂಬತ್ತು ದಾಟಿದ ಬೆಲ್ಜಿಯಂನ ರಾಣಿ ಎಲಿಸಬೆತ್‌ಗೆ ಶೀರ್ಷಾಸನ ಕಲಿಸಿದವರೂ ಅವರೇ. "ನೀವೇನು ರಾಣಿಗಿಂತ ಮೇಲಾ?" ಎನ್ನುತ್ತಾಳೆ. ಅಯ್ಯಂಗಾರರ ಕುರ್ಚಿ ಬೆನ್ನಿನ ತಗಡನ್ನು ಕಳಚಿದ ಕಬ್ಬಿಣದ ಮಡಿಸುವ ಕುರ್ಚಿ. ಇಲ್ಲಿರುವುದು ಮದುವೆ ಊಟದ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ಕೈಗಳು ಬೇರೆ ಇರುವುದರಿಂದ ಸೊಂಟವನ್ನು ಯಾವ ಕಡೆಗೂ ತಿರುಗಿಸಲಾಗುವುದಿಲ್ಲ. ಹೀಗೆಂದು ನಾನು ಶಾಸ್ತ್ರೀಯವಾಗಿ ವಿವರಿಸಿದರೆ ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಮೂರನೆಯ ವಾರ ಶವಾಸನ ಮುಗಿಯಿತು. ಬಲಕ್ಕೆ ಹೊರಳಿ ನಿಧಾನವಾಗಿ ಏಳಿ ಎಂದರು, ಎಲ್ಲರೂ ಎದ್ದರು. ನಾನು ಬಲಕ್ಕೆ ಹೊರಳುವವರೆಗೆ ಸರಿಯಾಗಿಯೇ ಮಾಡಿದೆ. ಚಾಪೆಗಳನ್ನು ಸುತ್ತುವ ಸದ್ದು, ಚಪ್ಪಲಿ ಹುಡುಕುವ ಸದ್ದು ಮುಗಿದು, ಏಳೂವರೆಯ ಬ್ಯಾಚಿನವರು ಬಂದು ನನ್ನ ಎರಡೂ ಪಕ್ಕದಲ್ಲಿ ಚಾಪೆ ಹಾಸತೊಡಗಿದರು. ಸಂಗೀತದ ಮೇಷ್ಟ್ರು ಗೋಡೆ ಸವರಿಕೊಂಡು ಹೋಗುತ್ತ, "ಇನ್ನೂ ಇದೀರಾ?" ಎಂದು ಸರಿಯಾಗಿ ನನ್ನ ಕಡೆಗೇ ತಿರುಗಿ ಕೇಳಿದರು; ಅವರಿಗೆ ಹೇಗೆ ತಿಳಿಯಿತೋ. ಶಿಕ್ಷಕಿ ಏನೂ ಕೇಳಲಿಲ್ಲ. ಒಂದು ಕುರ್ಚಿಯನ್ನು ತಂದು ನನ್ನ ತಲೆಯ ಹತ್ತಿರ ಇಟ್ಟು, ಹಾಜರಿ ಪುಸ್ತಕವನ್ನು ತೆರೆದು ಬೆನ್ನು ತಿರುಗಿಸಿ ನಿಂತರು.

ದಾರಿಗೆ ಅಡ್ಡವಾಗಿದ್ದ ಆ ಕುರ್ಚಿಯನ್ನು ಸರಿಸಿಡಲೆಂದು ನಾನು ಅದನ್ನು ಹಿಡಿದುಕೊಂಡು ಎದ್ದೆ. ಅದರ ಬೆನ್ನಿನ ಮೇಲೆ ಕೆಂಪು ಬಣ್ಣದಲ್ಲಿ ಭವನದ ಹೆಸರೂ 117 ಎಂಬ ಸಂಖ್ಯೆಯೂ ಇದ್ದವು. ಮರುದಿನ ಹತ್ತು ನಿಮಿಷ ಮುಂಚೆಯೇ ಹೋಗಿ, ಗೋಡೆಯ ಪಕ್ಕ, ಬಾಗಿಲ ಹಿಂದೆ, ಮೆಟ್ಟಿಲ ಕೆಳಗೆಲ್ಲ ನೋಡಿದೆ. 117 ಎಲ್ಲಿಯೂ ಇರಲಿಲ್ಲ. ಕಾವಲಿನವನನ್ನು ಕೇಳಿದ್ದಕ್ಕೆ, ಕೆಳಗೆ ಮದುವೆಯಿದೆ, ಊಟಕ್ಕೆ ಕಮ್ಮಿ ಬಿತ್ತೆಂದು ಎಲ್ಲ ಕುರ್ಚಿಯನ್ನೂ ಇಳಿಸಿಕೊಂಡರು ಎಂದ.